ಯಾವ ಪ್ರತಿ ನಿಜ? ಆಫೀಸ್ ಸರ್ವರಿನ ಹೆಸರುಪಟ್ಟಿ ಕೆಟ್ಟು ಸರಿಯಾಗುತ್ತ ಬಂದ ಕಥೆ

ಕಂಪ್ಯೂಟರ್ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಅಂಕಿಗಳ ಒಂದು ವಿಳಾಸವಿರುತ್ತದೆ, ಜನ ನೆನಪಿಟ್ಟುಕೊಳ್ಳುವ ಒಂದು ಹೆಸರೂ ಇರುತ್ತದೆ. ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಡಿಎನ್‌ಎಸ್. ಆಫೀಸಿನಲ್ಲಿ ಯಾರು ಯಾರಿದ್ದಾರೆ, ಅವರ ಪಾಸ್‌ವರ್ಡ್ ಏನು, ಯಾವ ಫೋಲ್ಡರನ್ನು ಯಾರು ತೆರೆಯಬಹುದು ಎಂಬುದನ್ನೆಲ್ಲ ಬರೆದಿಟ್ಟುಕೊಂಡು ಕೇಳಿದಾಗ ಹೇಳುವ ವ್ಯವಸ್ಥೆ ಡೈರೆಕ್ಟರಿ. ಇವೆರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರ ಕೈಯಲ್ಲಿ ಹುಟ್ಟಿ, 2000ನೇ ಇಸವಿಯಲ್ಲಿ ಒಂದಕ್ಕೊಂದು ಗಂಟುಬಿದ್ದವು. ಇವು ಕೆಟ್ಟಾಗ ಮತ್ತೆ ನಿಲ್ಲಿಸುವ ಕಸುಬಿಗೂ ಸುಮಾರು ಅರ್ಧ ಶತಮಾನದ ಚರಿತ್ರೆ ಇದೆ. ಕಳೆದುಹೋದ ಮಾಹಿತಿಯನ್ನು ಬ್ಯಾಕಪ್‌ನಿಂದ ತೆಗೆದು ಹಾಕುವುದು ಆ ಕಸುಬಿನ ಸುಲಭದ ಭಾಗ. ಹಾಗೆ ತಂದ ಪ್ರತಿಯನ್ನು ಜಾಲದಲ್ಲಿರುವ ಉಳಿದ ಪ್ರತಿಗಳು ಒಪ್ಪುವಂತೆ ಮಾಡುವುದರಲ್ಲೇ ಎಲ್ಲರೂ ಬೆವರು ಸುರಿಸಿದ್ದಾರೆ.

1969ರಲ್ಲಿ ಅಮೆರಿಕದ ನಾಲ್ಕು ಕೇಂದ್ರಗಳನ್ನು ಬೆಸೆದು ಶುರುವಾದ ಅರ್ಪಾನೆಟ್‌ನಲ್ಲಿ ಮೊದಮೊದಲು ಪ್ರತಿ ಕೇಂದ್ರವೂ ತನ್ನದೇ ಹೆಸರುಪಟ್ಟಿ ಇಟ್ಟುಕೊಂಡಿತ್ತು. ಒಂದೇ ಯಂತ್ರಕ್ಕೆ ಇಲ್ಲೊಂದು ಹೆಸರು, ಅಲ್ಲೊಂದು ಹೆಸರು. 1973ರ ಡಿಸೆಂಬರ್‌ನಲ್ಲಿ ಪೀಟರ್ ಡಾಯ್ಚ್ ಈ ಗೊಂದಲದ ಬಗ್ಗೆ ಒಂದು ಟಿಪ್ಪಣಿ ಬರೆದು, ಎಲ್ಲರಿಗೂ ಒಂದೇ ಪಟ್ಟಿ ಇರಲಿ, ಅದನ್ನು ಒಂದೇ ಕಡೆ ಇಡೋಣ ಎಂದು ಸೂಚಿಸಿದರು. ಆ ಹೊಣೆ ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕ್‌ನಲ್ಲಿದ್ದ ಎಸ್‌ಆರ್‌ಐ ಸಂಸ್ಥೆಯ ಮಾಹಿತಿ ಕೇಂದ್ರಕ್ಕೆ ಬಂತು. 1972ರಲ್ಲೇ ಆ ಕೇಂದ್ರದ ಕೆಲಸಕ್ಕೆ ಬಂದಿದ್ದ ಎಲಿಜಬೆತ್ ಫೈನ್ಲರ್ ಮುಂದೆ ಕೇಂದ್ರದ ಮುಖ್ಯಸ್ಥೆಯಾಗಿ 1989ರವರೆಗೂ ಅದನ್ನು ನಡೆಸಿದರು. ಹೊಸ ಯಂತ್ರ ಬಂದರೆ ಆಯಾ ಕೇಂದ್ರದವರು ಫೋನ್ ಮಾಡಿಯೋ ಸಂದೇಶ ಕಳಿಸಿಯೋ ತಿಳಿಸುತ್ತಿದ್ದರು. ಕೇಂದ್ರದ ಸಿಬ್ಬಂದಿ ಆ ಹೆಸರು ಮೊದಲೇ ಬೇರೆ ಯಾರದ್ದಾದರೂ ಆಗಿದೆಯೇ ಎಂದು ನೋಡಿ ‘ಹೋಸ್ಟ್ಸ್’ ಎಂಬ ಒಂದು ಸಾದಾ ಪಠ್ಯ ಕಡತದಲ್ಲಿ ಸೇರಿಸುತ್ತಿದ್ದರು. ಉಳಿದ ಕೇಂದ್ರಗಳು ಆಗಾಗ ಆ ಕಡತವನ್ನು ಇಳಿಸಿಕೊಳ್ಳುತ್ತಿದ್ದವು.

ದುರಸ್ತಿಯ ದೃಷ್ಟಿಯಿಂದ ನೋಡಿದರೆ ಇದರಷ್ಟು ನಿಶ್ಚಿಂತೆಯ ಏರ್ಪಾಡು ಮತ್ತೆ ಬರಲಿಲ್ಲ. ಯಾವುದೇ ಕೇಂದ್ರದ ಪ್ರತಿ ಹಾಳಾದರೆ ಇನ್ನೊಂದನ್ನು ಇಳಿಸಿಕೊಂಡರೆ ಮುಗಿಯಿತು. ಸತ್ಯ ಎಲ್ಲಿದೆ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಅದು ಮೆನ್ಲೋ ಪಾರ್ಕ್‌ನಲ್ಲಿತ್ತು. ಆದರೆ ಜಾಲ ಬೆಳೆಯಿತು. 1983ರ ಆಗಸ್ಟ್‌ನಲ್ಲಿ 562 ಯಂತ್ರಗಳಿದ್ದರೆ 1985ರ ಅಕ್ಟೋಬರ್ ಹೊತ್ತಿಗೆ 1,961 ಆದವು. ಪಟ್ಟಿ ಉದ್ದವಾದಂತೆ ಅದನ್ನು ಇಳಿಸಿಕೊಳ್ಳುವವರೂ ಹೆಚ್ಚುತ್ತಾರೆ. ಹೀಗಾಗಿ ಹಂಚಿಕೆಯ ಹೊರೆ ಯಂತ್ರಗಳ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಏರುತ್ತದೆ. ಪಟ್ಟಿ ಎಲ್ಲರ ಕೈ ಸೇರುವಷ್ಟರಲ್ಲಿ ಅದರಲ್ಲಿನ ವಿಳಾಸಗಳು ಹಳತಾಗಿರುತ್ತಿದ್ದವು.

ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪಾಲ್ ಮೊಕಾಪೆಟ್ರಿಸ್ 1983ರ ನವೆಂಬರ್‌ನಲ್ಲಿ ಪ್ರಕಟಿಸಿದ ಎರಡು ಟಿಪ್ಪಣಿಗಳಿಂದ ಡಿಎನ್‌ಎಸ್ ಶುರುವಾಯಿತು. ಒಂದೇ ದೊಡ್ಡ ಪಟ್ಟಿಯನ್ನು ತುಂಡು ಮಾಡಿ, ಪ್ರತಿ ಸಂಸ್ಥೆಗೂ ಅದರ ಪಾಲಿನ ಹೆಸರುಗಳನ್ನು ಅದೇ ನೋಡಿಕೊಳ್ಳುವಂತೆ ಬಿಟ್ಟುಕೊಡಲಾಯಿತು. ಮರುವರ್ಷ ಬರ್ಕ್ಲಿಯ ನಾಲ್ವರು ವಿದ್ಯಾರ್ಥಿಗಳು ಯುನಿಕ್ಸ್‌ಗಾಗಿ ಬರೆದ ‘ಬೈಂಡ್’ ಎಂಬ ಪ್ರೋಗ್ರಾಂ ಈ ಕೆಲಸದ ಮುಖ್ಯ ಸಾಧನವಾಯಿತು.

ಮೊಕಾಪೆಟ್ರಿಸ್ ಅವರ ವಿನ್ಯಾಸದ ಒಂದು ಸಣ್ಣ ವಿವರ ಮುಂದಿನ ಎಲ್ಲ ದುರಸ್ತಿಗಳಿಗೂ ಬುನಾದಿ. ಪ್ರತಿ ಹೆಸರುಪಟ್ಟಿಗೂ ಒಂದು ಮೂಲ ಸರ್ವರ್, ಅದರಿಂದ ನಕಲು ಪಡೆಯುವ ಒಂದೆರಡು ಉಪಸರ್ವರ್‌ಗಳು. ಪಟ್ಟಿಯ ತಲೆಯಲ್ಲಿ ಒಂದು ಕ್ರಮಸಂಖ್ಯೆ. ಮೂಲ ಸರ್ವರಿನವರು ಪಟ್ಟಿ ತಿದ್ದಿದಾಗಲೆಲ್ಲ ಆ ಸಂಖ್ಯೆಯನ್ನು ಏರಿಸಬೇಕು. ಉಪಸರ್ವರ್ ಆಗಾಗ ಬಂದು ಸಂಖ್ಯೆಯನ್ನಷ್ಟೇ ಕೇಳುತ್ತದೆ. ತನ್ನಲ್ಲಿರುವುದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಹೊಸ ಪಟ್ಟಿ ಒಯ್ಯುತ್ತದೆ. ಈಗ ಮೂಲ ಸರ್ವರಿನ ಡಿಸ್ಕ್ ಹಾಳಾಯಿತು, ಹೋದ ವಾರದ ಬ್ಯಾಕಪ್ ಹಾಕಿದರು ಎಂದಿಟ್ಟುಕೊಳ್ಳಿ. ಮೂಲದ ಸಂಖ್ಯೆ ಹಿಂದಕ್ಕೆ ಸರಿದಿದೆ, ಉಪಸರ್ವರಿನದು ಮುಂದಿದೆ. ಆ ಮೇಲೆ ಮೂಲದಲ್ಲಿ ಏನು ತಿದ್ದಿದರೂ ಸಂಖ್ಯೆ ಹಳೆಯ ಮಟ್ಟವನ್ನು ದಾಟುವವರೆಗೆ ಉಪಸರ್ವರ್ ಕಣ್ಣೆತ್ತಿ ನೋಡುವುದಿಲ್ಲ. ಅರ್ಧ ಊರಿಗೆ ಒಂದು ಉತ್ತರ, ಉಳಿದರ್ಧಕ್ಕೆ ಇನ್ನೊಂದು. ಎಲ್ಲ ಸೇವೆಗಳೂ ಚಾಲೂ ಇರುವುದರಿಂದ ದೋಷ ಎಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ಇದನ್ನು ತಪ್ಪಿಸಲು ವರ್ಷ, ತಿಂಗಳು, ದಿನ ಸೇರಿಸಿ, ಕೊನೆಯಲ್ಲಿ ಆ ದಿನದ ಎಷ್ಟನೆಯ ತಿದ್ದುಪಡಿ ಎಂಬುದನ್ನು ಇಟ್ಟು ಹತ್ತು ಅಂಕಿಯ ಕ್ರಮಸಂಖ್ಯೆ ಬರೆಯುವ ರೂಢಿ ಹಬ್ಬಿತು. ರೀಸ್ಟೋರ್ ಮಾಡಿದವರು ಅಂದಿನ ತಾರೀಖು ಹಾಕಿಬಿಟ್ಟರೆ ಸಂಖ್ಯೆ ತಾನಾಗಿ ಮುಂದಿರುತ್ತದೆ. ಇಷ್ಟು ಸರಳವಾದ ರೂಢಿ ಎಷ್ಟೋ ಆಫೀಸುಗಳ ದಿನವನ್ನು ಉಳಿಸಿದೆ.

ನಕಲು ಮಾಡುವ ಯಂತ್ರಕ್ಕೆ ಸರಿ ತಪ್ಪು ತಿಳಿಯದು. 1997ರ ಜುಲೈ 17ರಂದು ಡಾಟ್ ಕಾಮ್ ಮತ್ತು ಡಾಟ್ ನೆಟ್ ಹೆಸರುಗಳ ನೋಂದಣಿ ನಡೆಸುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್‌ನಲ್ಲಿ ಕೆಟ್ಟ ಪಟ್ಟಿಯೊಂದು ತಯಾರಾಯಿತು. ಎಚ್ಚರಿಕೆಯ ಸೂಚನೆ ಬಂದಿದ್ದರೂ ಪಾಳಿಯಲ್ಲಿದ್ದವರು ಅದನ್ನು ಲೆಕ್ಕಿಸದೆ ಪಟ್ಟಿಯನ್ನು ಹೊರಗೆ ಬಿಟ್ಟರು. ಸರಿಪಡಿಸುವ ಹೊತ್ತಿಗೆ ಕೆಲವು ಗಂಟೆಗಳಾಗಿದ್ದವು, ಅಷ್ಟರಲ್ಲಿ ಆ ಪಟ್ಟಿಯ ನಕಲುಗಳು ಲೋಕವೆಲ್ಲ ಸುತ್ತಿದ್ದವು. 2001ರ ಜನವರಿ 23ರಂದು ಮೈಕ್ರೋಸಾಫ್ಟ್‌ನಲ್ಲಿ ಇದಕ್ಕಿಂತ ಭಿನ್ನವಾದ ಪ್ರಕರಣ ನಡೆಯಿತು. ಆ ಕಂಪನಿಯ ನಾಲ್ಕೂ ಡಿಎನ್‌ಎಸ್ ಸರ್ವರ್‌ಗಳು ಒಂದೇ ಜಾಲದ ಹಿಂದೆ ಇದ್ದವು. ಅವುಗಳ ಮುಂದಿನ ರೂಟರ್‌ಗಳಲ್ಲಿ ತಂತ್ರಜ್ಞನೊಬ್ಬ ಮಾಡಿದ ತಪ್ಪು ಬದಲಾವಣೆಯಿಂದ ಅದರ ಮುಖ್ಯ ಜಾಲತಾಣಗಳಿಗೆ ಸುಮಾರು 22 ಗಂಟೆ ದಾರಿಯೇ ಇಲ್ಲದಂತಾಯಿತು. ಸರ್ವರ್‌ಗಳು ನಾಲ್ಕಿದ್ದರೂ ಜಾಗ ಒಂದೇ ಆದ್ದರಿಂದ ಬಿದ್ದಾಗ ನಾಲ್ಕೂ ಬಿದ್ದವು.

ಆಫೀಸುಗಳ ಒಳಗಿನ ಕಥೆ ಬೇರೆ ದಾರಿಯಲ್ಲಿ ಸಾಗಿತ್ತು. 1980ರ ದಶಕದ ಮೊದಲರ್ಧದಲ್ಲಿ ಐಬಿಎಂ ಪಿಸಿಗಳ ಜಾಲಕ್ಕಾಗಿ ಸೈಟೆಕ್ ಕಂಪನಿ ರೂಪಿಸಿದ ನೆಟ್‌ಬಯಾಸ್‌ನಲ್ಲಿ ಪಟ್ಟಿ ಎಂಬುದೇ ಇರಲಿಲ್ಲ. ತುಂಬಿದ ಮದುವೆ ಮನೆಯಲ್ಲಿ ನಿಂತು ಒಬ್ಬರ ಹೆಸರು ಹಿಡಿದು ಕೂಗಿದ ಹಾಗೆ, ಒಂದು ಯಂತ್ರ ತನಗೆ ಬೇಕಾದ ಹೆಸರನ್ನು ಇಡೀ ಜಾಲಕ್ಕೆ ಕೇಳಿಸುವಂತೆ ಕರೆಯುತ್ತಿತ್ತು, ಆ ಹೆಸರಿನ ಯಂತ್ರ ಓಗೊಡುತ್ತಿತ್ತು. ಹತ್ತಿಪ್ಪತ್ತು ಪಿಸಿಗಳ ಆಫೀಸಿಗೆ ಇದು ಸಾಕು, ಕೆಡುವುದಕ್ಕೆ ಇದರಲ್ಲಿ ಏನೂ ಇಲ್ಲ. ಆದರೆ ಕೂಗು ರೂಟರ್ ದಾಟುವುದಿಲ್ಲ. ಶಾಖೆಗಳಿರುವ ಸಂಸ್ಥೆಗಳಿಗಾಗಿ ಮೈಕ್ರೋಸಾಫ್ಟ್ 1994ರಲ್ಲಿ ವಿಂಡೋಸ್ ಎನ್‌ಟಿ 3.5ರ ಜೊತೆ ‘ವಿನ್ಸ್’ ಎಂಬ ಹೆಸರು ಸರ್ವರನ್ನು ಕೊಟ್ಟಿತು. ಹದಿನಾರು ಅಕ್ಷರದ ನೆಟ್‌ಬಯಾಸ್ ಹೆಸರಿನಲ್ಲಿ ಕೊನೆಯ ಸ್ಥಾನವನ್ನು ಸೇವೆಯ ಬಗೆ ತಿಳಿಸಲು ಮೀಸಲಿಟ್ಟಿದ್ದರಿಂದ ವಿಂಡೋಸ್ ಪಿಸಿಯ ಹೆಸರಿಗೆ ಹದಿನೈದೇ ಅಕ್ಷರ ಉಳಿಯಿತು. ಆ ಮಿತಿಯ ಎಚ್ಚರಿಕೆ ಇವತ್ತಿಗೂ ಪಿಸಿಗೆ ಹೆಸರಿಡುವಾಗ ಎದುರಾಗುತ್ತದೆ.

ನೌಕರರ ಪಟ್ಟಿಯ ವಿಷಯದಲ್ಲಿ ಆ ಕಾಲದ ರಾಜ ನೋವೆಲ್ ನೆಟ್‌ವೇರ್. ಅದರಲ್ಲಿ ಪ್ರತಿ ಸರ್ವರಿಗೂ ‘ಬೈಂಡರಿ’ ಎಂಬ ಸ್ವಂತ ಪಟ್ಟಿ. ಅದು ಕೆಟ್ಟರೆ ‘ಬೈಂಡ್‌ಫಿಕ್ಸ್’ ಎಂಬ ಆಜ್ಞೆ ಓಡಿಸಬೇಕು. ಅದು ಹಳೆಯ ಕಡತಗಳನ್ನು ‘ಓಲ್ಡ್’ ಎಂಬ ಬಾಲ ಸೇರಿಸಿ ಬದಿಗಿಟ್ಟು ಹೊಸದನ್ನು ಕಟ್ಟುತ್ತಿತ್ತು. ಹೊಸದು ಸರಿಬರದಿದ್ದರೆ ‘ಬೈಂಡ್‌ರೆಸ್ಟ್’ ಹಳೆಯದನ್ನು ಮರಳಿಸುತ್ತಿತ್ತು. ದುರಸ್ತಿಯ ಸಾಧನವೇ ತನ್ನ ಕೆಲಸವನ್ನು ಹಿಂದೆಗೆದುಕೊಳ್ಳುವ ದಾರಿ ಇಟ್ಟುಕೊಂಡಿದ್ದ ಈ ವಿವೇಕವನ್ನು ಮುಂದಿನ ಎಷ್ಟೋ ಸಾಧನಗಳು ಮರೆತವು. 1993ರ ನೆಟ್‌ವೇರ್ 4 ಎಲ್ಲ ಸರ್ವರ್‌ಗಳಿಗೂ ಸೇರಿ ಒಂದೇ ಡೈರೆಕ್ಟರಿ ತಂದಿತು. ಅದರೊಡನೆ ಸರ್ವರ್‌ಗಳ ಗಡಿಯಾರಗಳೆಲ್ಲ ಒಂದೇ ಸಮಯ ತೋರಿಸಬೇಕೆಂಬ ಕಟ್ಟುಪಾಡೂ ಬಂತು.

ವಿಂಡೋಸ್ ಎನ್‌ಟಿ ನಡುದಾರಿ ಹಿಡಿದಿತ್ತು. ಒಂದೇ ಖಾತೆಪಟ್ಟಿಯನ್ನು ಬಳಸುವ ಯಂತ್ರಗಳ ಗುಂಪು ಡೊಮೈನ್, ಆ ಪಟ್ಟಿ ಇಟ್ಟುಕೊಂಡು ಲಾಗಿನ್ ನೋಡಿಕೊಳ್ಳುವ ಸರ್ವರ್ ಡೊಮೈನ್ ಕಂಟ್ರೋಲರ್. ಅವುಗಳಲ್ಲಿ ಒಂದು ಪ್ರಧಾನ, ಅದರಲ್ಲಿ ಮಾತ್ರ ಬರೆಯಬಹುದು. ಉಳಿದವು ಓದುವ ನಕಲುಗಳು. ಪ್ರಧಾನ ಸತ್ತರೆ ನಕಲುಗಳಲ್ಲೊಂದಕ್ಕೆ ಬಡ್ತಿ ಕೊಡುವುದು ಕೆಲವು ನಿಮಿಷಗಳ ಕೆಲಸ. ಆ ತಲೆಮಾರಿನ ಸಿಸ್ಟಂ ಅಡ್ಮಿನ್‌ಗಳ ಮೇಜಿನ ಡ್ರಾಯರ್‌ನಲ್ಲಿ ತುರ್ತು ದುರಸ್ತಿಯ ಫ್ಲಾಪಿಯೊಂದು ಇದ್ದೇ ಇರುತ್ತಿತ್ತು.

ಹಲವು ಕಡೆ ಬರೆಯಲು ಬಿಡುವ ಡೈರೆಕ್ಟರಿಯ ತೊಡಕುಗಳನ್ನು ಮೊದಲು ಎದುರಿಸಿದ್ದು ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯ. ಅಲ್ಲಿನ ‘ಗ್ರೇಪ್‌ವೈನ್’ ಮತ್ತು ‘ಕ್ಲಿಯರಿಂಗ್‌ಹೌಸ್’ ವ್ಯವಸ್ಥೆಗಳಲ್ಲಿ ಯಾವ ಸರ್ವರಿನಲ್ಲಿ ಬೇಕಾದರೂ ಹೆಸರು ಸೇರಿಸಬಹುದಿತ್ತು, ಸುದ್ದಿ ನಿಧಾನವಾಗಿ ಉಳಿದವಕ್ಕೆ ಹಬ್ಬುತ್ತಿತ್ತು. ಸೇರಿಸುವುದು ಸುಲಭ, ಅಳಿಸುವುದು ಕಷ್ಟ ಎಂಬುದು ಅಲ್ಲಿನವರಿಗೆ ಬೇಗ ತಿಳಿಯಿತು. ಒಂದು ಸರ್ವರಿನಲ್ಲಿ ಹೆಸರು ಅಳಿಸಿದರೆ, ಅಳಿಸಿದ ಸುದ್ದಿ ಮುಟ್ಟದ ಇನ್ನೊಂದು ಸರ್ವರ್ ಅದೇ ಹೆಸರನ್ನು ಹೊಸದೆಂದು ತಿಳಿದು ಮತ್ತೆ ಹಬ್ಬಿಸುತ್ತದೆ. ಅಲನ್ ಡೆಮರ್ಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಪರಿಹಾರವಿದೆ: ಅಳಿಸಿದ ಹೆಸರಿನ ಜಾಗದಲ್ಲಿ ಒಂದು ಮರಣಪತ್ರ ಇಡಬೇಕು, ಅದು ಎಲ್ಲ ಸರ್ವರ್‌ಗಳನ್ನೂ ತಲುಪುವಷ್ಟು ಕಾಲ ಉಳಿಯಬೇಕು. ಮುಂದೆ ಬಂದ ಹಂಚಿಕೆಯ ಡೈರೆಕ್ಟರಿಗಳಿಗೆ ಈ ಉಪಾಯ ತಪ್ಪದ ಸಂಗಾತಿಯಾಯಿತು.

1988ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಡೈರೆಕ್ಟರಿಗಳಿಗಾಗಿ ಎಕ್ಸ್.500 ಎಂಬ ಭಾರೀ ಮಾನಕ ತಂದವು. ಅದರ ಭಾರ ತಾಳಲಾರದೆ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು 1993ರಲ್ಲಿ ಎಲ್‌ಡಿಎಪಿ ಎಂಬ ಹಗುರ ರೂಪ ಕೊಟ್ಟರು. ಎಂಐಟಿಯಲ್ಲಿ ಬೆಳೆದ ಕರ್ಬರಾಸ್ ಗುರುತು ಪರೀಕ್ಷೆಯ ಕೆಲಸಕ್ಕೆ ಬಂತು. ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಅದು ಸಾಮಾನ್ಯವಾಗಿ ಯಾರನ್ನೂ ಒಳಗೆ ಬಿಡುವುದಿಲ್ಲ.

ಈ ಎಲ್ಲ ಎಳೆಗಳನ್ನು ಹೆಣೆದು ಮೈಕ್ರೋಸಾಫ್ಟ್ 2000ದ ಫೆಬ್ರವರಿ 17ರಂದು ವಿಂಡೋಸ್ 2000ದ ಜೊತೆ ಆಕ್ಟಿವ್ ಡೈರೆಕ್ಟರಿಯನ್ನು ಬಿಡುಗಡೆ ಮಾಡಿತು. ಹೆಸರಿಗೆ ಡಿಎನ್‌ಎಸ್, ಓದುಬರಹಕ್ಕೆ ಎಲ್‌ಡಿಎಪಿ, ಗುರುತಿಗೆ ಕರ್ಬರಾಸ್, ಅಳಿಸಿದ್ದಕ್ಕೆ ಮರಣಪತ್ರದ ಪದ್ಧತಿ. ಪ್ರಧಾನ, ಅಧೀನ ಎಂಬ ಭೇದ ಬಹುಮಟ್ಟಿಗೆ ಹೋಯಿತು. ಯಾವ ಡೊಮೈನ್ ಕಂಟ್ರೋಲರಿನಲ್ಲಿ ಬೇಕಾದರೂ ಬರೆಯಬಹುದು. ಒಬ್ಬರೇ ಮಾಡಬೇಕಾದ ಐದು ಕೆಲಸಗಳನ್ನು ಮಾತ್ರ ಗೊತ್ತಾದ ಸರ್ವರ್‌ಗಳಿಗೆ ವಹಿಸಲಾಯಿತು. ಆಫೀಸಿನ ಪಿಸಿ ಬೆಳಿಗ್ಗೆ ಎದ್ದು ‘ನಮ್ಮ ಡೊಮೈನಿನ ಲಾಗಿನ್ ನೋಡಿಕೊಳ್ಳುವವರು ಯಾರು’ ಎಂದು ಡಿಎನ್‌ಎಸ್ ಅನ್ನು ಕೇಳುತ್ತದೆ. ಉತ್ತರವಾಗಿ ಬರುವುದು ಎಸ್‌ಆರ್‌ವಿ ಎಂಬ ಬಗೆಯ ದಾಖಲೆ, ಅದರಲ್ಲಿ ಸರ್ವರಿನ ಹೆಸರು ಮತ್ತು ಪೋರ್ಟ್ ಸಂಖ್ಯೆ. ಆ ದಾಖಲೆ ಇಲ್ಲದಿದ್ದರೆ ಡೈರೆಕ್ಟರಿ ಪಕ್ಕದ ಕೋಣೆಯಲ್ಲೇ ಸುಸ್ಥಿತಿಯಲ್ಲಿದ್ದರೂ ಪಿಸಿಗೆ ಅದು ಕಾಣುವುದಿಲ್ಲ.

ಗಂಟು ಬಿದ್ದದ್ದು ಇಲ್ಲಿ. ಡಿಎನ್‌ಎಸ್ ಪಟ್ಟಿಯನ್ನು ಡೈರೆಕ್ಟರಿಯ ಒಳಗೇ ಇಡುವ ಅನುಕೂಲವನ್ನು ಮೈಕ್ರೋಸಾಫ್ಟ್ ಕೊಟ್ಟಿತು, ಬಹುಪಾಲು ಆಫೀಸುಗಳು ಅದನ್ನೇ ಆರಿಸಿಕೊಂಡವು. ಡೈರೆಕ್ಟರಿ ತನ್ನ ಜೊತೆಗಾರರನ್ನು ಹುಡುಕಲು ಡಿಎನ್‌ಎಸ್ ಬೇಕು. ಡಿಎನ್‌ಎಸ್ ತೆರೆಯಲು ಡೈರೆಕ್ಟರಿ ಬೇಕು. ಎಲ್ಲವೂ ನೆಟ್ಟಗಿದ್ದಾಗ ಇದರಿಂದ ತೊಂದರೆಯಿಲ್ಲ. ಆದರೆ ಕಟ್ಟಡದ ಕರೆಂಟ್ ಹೋಗಿ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಏಳುವಾಗ ಅವೆರಡೂ ಒಂದಕ್ಕೊಂದು ಕಾಯುತ್ತ ಕೂರುತ್ತವೆ. ಡಿಎನ್‌ಎಸ್ ಸೇವೆಯ ಲಾಗ್‌ನಲ್ಲಿ 4013 ಸಂಖ್ಯೆಯ ಎಚ್ಚರಿಕೆ ಬೀಳುತ್ತದೆ, ಪರದೆಯ ಮೇಲೆ ಜಾಲದ ಸಂಪರ್ಕ ಸಿದ್ಧವಾಗುತ್ತಿದೆ ಎಂಬ ಸಾಲು ಹತ್ತಿಪ್ಪತ್ತು ನಿಮಿಷ ಕದಲದೆ ನಿಲ್ಲುತ್ತದೆ.

ಸಣ್ಣ ಸಂಸ್ಥೆಗಳಲ್ಲಿ ಈ ಅಪಾಯ ಹೆಚ್ಚು. 1997ರಲ್ಲಿ ಬಂದು 2011ರ ಆವೃತ್ತಿಗೆ ಮುಗಿದ ಮೈಕ್ರೋಸಾಫ್ಟ್‌ನ ‘ಸ್ಮಾಲ್ ಬಿಸಿನೆಸ್ ಸರ್ವರ್’ ಡೈರೆಕ್ಟರಿ, ಡಿಎನ್‌ಎಸ್, ಇಮೇಲ್, ಕಡತ ಹಂಚಿಕೆ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತಿತ್ತು. ಬೆಲೆ ಕಡಿಮೆ, 2003ರ ಆವೃತ್ತಿಯಲ್ಲಿ 75 ಜನರವರೆಗೆ ಅವಕಾಶ. ಲೆಕ್ಕಪರಿಶೋಧಕರ ಕಚೇರಿ, ಸಣ್ಣ ಕಾರ್ಖಾನೆ, ನರ್ಸಿಂಗ್ ಹೋಮ್‌ಗಳಂಥ ಕಡೆ ಬೀರುವಿನ ಪಕ್ಕ, ಏಸಿ ಇಲ್ಲದ ಮೂಲೆಯಲ್ಲಿ ಅದು ವರ್ಷಗಟ್ಟಲೆ ಓಡುತ್ತಿತ್ತು. ಇನ್ನೊಂದು ಡೊಮೈನ್ ಕಂಟ್ರೋಲರ್ ಸೇರಿಸಲು ಅಡ್ಡಿಯಿರಲಿಲ್ಲ, ಆದರೆ ಅದಕ್ಕೆ ಖರ್ಚು ಮಾಡಿದವರು ಕಡಿಮೆ.

ಇಂಥ ಸರ್ವರಿನ ಡಿಸ್ಕ್ ಸಾಯತೊಡಗಿದಾಗ ಮೊದಲ ಲಕ್ಷಣ ಎಲ್ಲೋ ಬೇರೆ ಕಡೆ ಕಾಣುತ್ತದೆ. ಲಾಗಿನ್ ಐದು ಸೆಕೆಂಡಿನ ಬದಲು ಐದು ನಿಮಿಷ ತೆಗೆದುಕೊಳ್ಳುತ್ತದೆ. ಪ್ರಿಂಟರ್ ಸಿಗುವುದಿಲ್ಲ. ಇಂಟರ್ನೆಟ್ ಇಲ್ಲವೆಂದು ದೂರು ಬರುತ್ತದೆ, ಪರೀಕ್ಷಿಸಿದರೆ ಸಂಪರ್ಕ ಸರಿಯಿದ್ದು ಹೆಸರಿಗೆ ವಿಳಾಸ ಮಾತ್ರ ಸಿಗುತ್ತಿರುವುದಿಲ್ಲ. ಹೆದರಿದ ಯಾರೋ ಪಿಸಿಗಳಲ್ಲಿ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ವಿಳಾಸ ಹಾಕಿಬಿಡುತ್ತಾರೆ. ಆಗ ಹೊರಗಿನ ತಾಣಗಳು ತೆರೆಯುತ್ತವೆ, ಆಫೀಸಿನ ಸರ್ವರ್ ಪೂರ್ತಿ ಮರೆಯಾಗುತ್ತದೆ, ಏಕೆಂದರೆ ಹೊರಗಿನ ಡಿಎನ್‌ಎಸ್‌ಗೆ ಒಳಗಿನ ಹೆಸರುಗಳ ಸುಳಿವೇ ಇಲ್ಲ. ಈ ಒಂದು ತಪ್ಪು ಮಾಡಿದಷ್ಟು ಹಾನಿಯನ್ನು ಎಷ್ಟೋ ವೈರಸ್‌ಗಳೂ ಮಾಡಿಲ್ಲ. ಕೊನೆಗೆ ಡೈರೆಕ್ಟರಿಯ ದತ್ತಸಂಚಯ ಕಡತವಾದ ‘ಎನ್‌ಟಿಡಿಎಸ್ ಡಾಟ್ ಡಿಟ್’ ಓದುವಾಗ ಮೈನಸ್ 1018 ಎಂಬ ದೋಷ ಲಾಗ್‌ನಲ್ಲಿ ಬೀಳುತ್ತದೆ. ಡಿಸ್ಕಿಗೆ ಬರೆದಿದ್ದ ಪುಟ ಓದುವಾಗ ಬೇರೆಯಾಗಿ ಬಂದಿದೆ ಎಂದು ಅದರ ಅರ್ಥ. ಬಹುಪಾಲು ಸಲ ಕಾರಣ ಡಿಸ್ಕ್, ಕೇಬಲ್ ಅಥವಾ ಅದರ ಕಂಟ್ರೋಲರ್.

ಅನುಭವಿಗಳು ಇಲ್ಲಿ ಹಿಡಿಯುವ ಕ್ರಮ 2000ದ ದಶಕದಲ್ಲಿ ಗಟ್ಟಿಯಾಯಿತು. ಮೊದಲು ಸಾಯುತ್ತಿರುವ ಡಿಸ್ಕಿನ ಪೂರ್ಣ ಪ್ರತಿ ತೆಗೆಯಬೇಕು, ಆ ಮೊದಲು ಯಾವ ರಿಪೇರಿ ಸಾಧನವನ್ನೂ ಮುಟ್ಟಬಾರದು. ದತ್ತಸಂಚಯವನ್ನು ಬಲವಂತವಾಗಿ ಸರಿಪಡಿಸುವ ಸಾಧನ ಓದಲಾಗದ ಪುಟಗಳನ್ನು ಕಿತ್ತೆಸೆಯುತ್ತದೆ, ಅವುಗಳಲ್ಲಿ ಯಾರ ಖಾತೆ ಇತ್ತೋ ಅವರು ಡೈರೆಕ್ಟರಿಯಿಂದಲೇ ಕಾಣೆ. ಎರಡನೆಯದಾಗಿ ಸರ್ವರಿನ ಜಾಲದ ಹೊಂದಿಕೆಯಲ್ಲಿ ಡಿಎನ್‌ಎಸ್ ವಿಳಾಸ ಆಫೀಸಿನ ಒಳಗಿನದೇ ಎಂದು ಖಚಿತಪಡಿಸಿಕೊಂಡು, ಗಡಿಯಾರ ನೋಡಿ, ‘ನೆಟ್‌ಲಾಗಾನ್’ ಸೇವೆಯನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಆ ಸೇವೆ ಏಳುವಾಗ ತನ್ನ ಎಸ್‌ಆರ್‌ವಿ ದಾಖಲೆಗಳನ್ನೆಲ್ಲ ಡಿಎನ್‌ಎಸ್‌ನಲ್ಲಿ ಹೊಸದಾಗಿ ಬರೆಯುತ್ತದೆ. ಅವುಗಳ ಒಂದು ಪಟ್ಟಿ ಸರ್ವರಿನ ಡಿಸ್ಕಿನಲ್ಲೇ ಸಾದಾ ಪಠ್ಯ ಕಡತವಾಗಿಯೂ ಸಿಗುತ್ತದೆ, ಬೇಕಾದರೆ ಕೈಯಿಂದಲೇ ಸೇರಿಸಬಹುದು. ಡಿಎನ್‌ಎಸ್ ಪಟ್ಟಿಯೇ ಹಾಳಾಗಿದ್ದರೆ ಅಳಿಸಿ ಖಾಲಿ ಪಟ್ಟಿ ಮಾಡಿದರೂ ಆಫೀಸಿನ ಮುಖ್ಯ ಹೆಸರುಗಳು ಹೀಗೆ ಮರಳಿ ಹುಟ್ಟುತ್ತವೆ. ಹೆಸರುಗಳು ನಿಂತ ಮೇಲೆ ಡೈರೆಕ್ಟರಿಯ ಸರದಿ. ‘ಡಿಸಿಡಯಾಗ್’ ಎಂಬ ಪರೀಕ್ಷಾ ಸಾಧನ ಓಡಿಸಿ ದೋಷಗಳನ್ನು ಮೇಲಿನಿಂದ ಕೆಳಗೆ ಓದಬೇಕು, ಏಕೆಂದರೆ ಮೊದಲ ದೋಷ ಸರಿಯಾದರೆ ಕೆಳಗಿನ ಹತ್ತು ತಾವಾಗಿ ಮಾಯವಾಗುವುದುಂಟು. ಲಾಗಿನ್ ಸ್ಕ್ರಿಪ್ಟುಗಳು ಮತ್ತು ನೀತಿಗಳಿರುವ ‘ಸಿಸ್‌ವಾಲ್’ ಫೋಲ್ಡರ್ ಹಂಚಿಕೆಯಾಗದಿದ್ದರೆ ಸರ್ವರ್ ತಾನು ಡೊಮೈನ್ ಕಂಟ್ರೋಲರ್ ಎಂದು ಜಾಲಕ್ಕೆ ಹೇಳಿಕೊಳ್ಳುವುದೇ ಇಲ್ಲ.

ಅಮೆರಿಕ, ಯುರೋಪಿನ ಕಂಪನಿಗಳ ಸರ್ವರ್ ಉಸ್ತುವಾರಿ ಬೆಂಗಳೂರಿನ ಐಟಿ ಸಂಸ್ಥೆಗಳಿಗೆ ಬಂದ ವರ್ಷಗಳಲ್ಲಿ ಸಾವಿರಾರು ಕನ್ನಡದ ಹುಡುಗ ಹುಡುಗಿಯರು ರಾತ್ರಿ ಪಾಳಿಯಲ್ಲಿ ಈ ಕ್ರಮವನ್ನು ಕಲಿತರು. ಕೆಟ್ಟ ಸರ್ವರ್ ಸಮುದ್ರದಾಚೆ ಇದ್ದಾಗ ಹೆಸರಿಗೆ ವಿಳಾಸ ಸಿಗುವುದು ನಿಂತರೆ ಅಲ್ಲಿಗೆ ಹೋಗುವ ದಾರಿಯೂ ನಿಲ್ಲುತ್ತಿತ್ತು. ಹಾಗಾಗಿ ಮುಖ್ಯ ಸರ್ವರ್‌ಗಳ ಅಂಕಿ ವಿಳಾಸಗಳನ್ನು ಬೇರೆ ಬರೆದಿಟ್ಟುಕೊಳ್ಳುವುದು ಈ ಕೆಲಸದವರ ಅಭ್ಯಾಸ.

ಇನ್ನು ಬ್ಯಾಕಪ್‌ನ ಮಾತು. ವಿಂಡೋಸ್ 2000ದಲ್ಲಿ ಮರಣಪತ್ರದ ಆಯಸ್ಸು 60 ದಿನ, ಮುಂದೆ ಹೊಸದಾಗಿ ಕಟ್ಟುವ ಡೈರೆಕ್ಟರಿಗಳಿಗೆ 180 ದಿನ. ಅದಕ್ಕಿಂತ ಹಳೆಯ ಬ್ಯಾಕಪ್ ಹಾಕಿದರೆ, ಯಾವಾಗಲೋ ಅಳಿಸಿದ ಖಾತೆಗಳು ಎದ್ದು ಬರುತ್ತವೆ, ಅವುಗಳನ್ನು ತಡೆಯಲು ಮರಣಪತ್ರಗಳು ಎಲ್ಲಿಯೂ ಉಳಿದಿರುವುದಿಲ್ಲ. ಕೆಲಸ ಬಿಟ್ಟ ನೌಕರನ ಖಾತೆ ಹೀಗೆ ಜೀವ ಪಡೆದರೆ ಅದು ಭದ್ರತೆಯ ವಿಷಯ. ತಪ್ಪಿ ಅಳಿಸಿದ ಖಾತೆಗಳನ್ನು ಮರಳಿ ತರುವಾಗ ಇದಕ್ಕೆ ವಿರುದ್ಧ ಸಮಸ್ಯೆ. ಬ್ಯಾಕಪ್‌ನಿಂದ ತಂದ ಖಾತೆಯನ್ನು ನೋಡಿದ ಉಳಿದ ಸರ್ವರ್‌ಗಳು ‘ಇದು ಅಳಿದುಹೋಗಿದೆ, ಸುದ್ದಿ ನಿನಗೆ ತಲುಪಿಲ್ಲ’ ಎಂದು ಮತ್ತೆ ಅಳಿಸುತ್ತವೆ. ಅದಕ್ಕಾಗಿ ‘ಎನ್‌ಟಿಡಿಎಸ್‌ಯುಟಿಲ್’ ಎಂಬ ಸಾಧನದಲ್ಲಿ ಅಧಿಕೃತ ರೀಸ್ಟೋರ್ ಎಂಬ ದಾರಿ ಇದೆ. ಅದು ಆ ಖಾತೆಯ ಆವೃತ್ತಿ ಸಂಖ್ಯೆಯನ್ನು ಬ್ಯಾಕಪ್ ಹಳತಾದ ಪ್ರತಿ ದಿನಕ್ಕೆ ಒಂದು ಲಕ್ಷದಂತೆ ಏರಿಸುತ್ತದೆ. ಅಷ್ಟು ದೊಡ್ಡ ಸಂಖ್ಯೆಯ ಮುಂದೆ ಉಳಿದ ಪ್ರತಿಗಳು ಸೋತು ಒಪ್ಪಿಕೊಳ್ಳುತ್ತವೆ. ಡಿಎನ್‌ಎಸ್‌ನವರು ತಾರೀಖು ಹಾಕಿ ಸಾಧಿಸಿದ್ದನ್ನೇ ಇಲ್ಲಿ ಲಕ್ಷದ ಲೆಕ್ಕದಲ್ಲಿ ಸಾಧಿಸಲಾಗಿದೆ. 2009ರ ವಿಂಡೋಸ್ ಸರ್ವರ್ 2008 ಆರ್2 ಡೈರೆಕ್ಟರಿಗೂ ಒಂದು ಕಸದಬುಟ್ಟಿ ಕೊಟ್ಟ ಮೇಲೆ ಈ ಕಸರತ್ತಿನ ಅಗತ್ಯ ಕಡಿಮೆಯಾಯಿತು.

ವರ್ಚುವಲ್ ಸರ್ವರ್‌ಗಳ, ಅಂದರೆ ಒಂದು ಯಂತ್ರದೊಳಗೆ ತಂತ್ರಾಂಶವಾಗಿ ಓಡುವ ಸರ್ವರ್‌ಗಳ, ಕಾಲದಲ್ಲಿ ಅತ್ಯಂತ ಕೆಟ್ಟ ಬಗೆಯ ಹಾನಿ ಕಾಣಿಸಿತು. ಪ್ರತಿ ಡೊಮೈನ್ ಕಂಟ್ರೋಲರ್ ತಾನು ಮಾಡಿದ ಬದಲಾವಣೆಗಳಿಗೆ ಕ್ರಮವಾಗಿ ಸಂಖ್ಯೆ ಕೊಡುತ್ತದೆ. ಪಕ್ಕದ ಸರ್ವರ್ ‘ನಿನ್ನಿಂದ ಐದು ಸಾವಿರದವರೆಗೆ ತಲುಪಿದೆ’ ಎಂದು ನೆನಪಿಟ್ಟಿರುತ್ತದೆ. ಡೈರೆಕ್ಟರಿ ಬಲ್ಲ ಬ್ಯಾಕಪ್ ಸಾಧನದಿಂದ ರೀಸ್ಟೋರ್ ಮಾಡಿದರೆ ಸರ್ವರ್ ತನಗೊಂದು ಹೊಸ ಗುರುತು ಸಂಖ್ಯೆ ಹಾಕಿಕೊಂಡು ನಡೆದದ್ದನ್ನು ಉಳಿದವಕ್ಕೆ ತಿಳಿಸುತ್ತದೆ. ಆದರೆ ವರ್ಚುವಲ್ ಯಂತ್ರದ ಹಳೆಯ ಸ್ನ್ಯಾಪ್‌ಶಾಟ್ (ಯಾವುದೋ ಒಂದು ಕ್ಷಣದ ಪಡಿಯಚ್ಚು) ಎಳೆದು ಕೂರಿಸಿದರೆ ಸರ್ವರಿಗೆ ತಾನು ಹಿಂದಕ್ಕೆ ಹೋದದ್ದೇ ತಿಳಿಯದು. ಸ್ನ್ಯಾಪ್‌ಶಾಟ್ ತೆಗೆದಾಗ ಎಣಿಕೆ ನಾಲ್ಕು ಸಾವಿರದಲ್ಲಿದ್ದರೆ ಅದು ಅಲ್ಲಿಂದಲೇ ಮತ್ತೆ ಎಣಿಸಲು ಶುರುಮಾಡುತ್ತದೆ, ಹೊಸ ಖಾತೆಗಳಿಗೆ ಹಳೆಯ ಸಂಖ್ಯೆಗಳನ್ನೇ ಕೊಡುತ್ತದೆ. ಐದು ಸಾವಿರದವರೆಗೆ ತಲುಪಿದೆ ಎಂದುಕೊಂಡಿರುವ ಪಕ್ಕದ ಸರ್ವರ್ ಅವನ್ನು ಕೇಳುವುದೇ ಇಲ್ಲ. ಎರಡೂ ಆರೋಗ್ಯವಾಗಿಯೇ ಕಾಣುತ್ತವೆ, ಒಳಗಿನ ಪಟ್ಟಿಗಳು ಮಾತ್ರ ದಿನದಿನಕ್ಕೆ ಬೇರೆಯಾಗುತ್ತವೆ. ಮುಂದಿನ ಆವೃತ್ತಿಗಳು ಇದನ್ನು ಪತ್ತೆಹಚ್ಚಿದರೆ 2095 ಸಂಖ್ಯೆಯ ದೋಷ ಬರೆದು ಆ ಸರ್ವರನ್ನು ಪ್ರತಿ ವಿನಿಮಯದಿಂದ ಹೊರಗಿಡುವಂತೆ ಆಯಿತು. ಆಗ ಮಾಡುವುದು ಒಂದೇ: ಆ ಸರ್ವರಿನ ಕಂಟ್ರೋಲರ್ ಪದವಿ ಕಿತ್ತು, ಡೈರೆಕ್ಟರಿಯಲ್ಲಿ ಅದರ ಕುರುಹುಗಳನ್ನು ಅಳಿಸಿ, ಆರೋಗ್ಯವಾದ ಪ್ರತಿಯಿಂದ ಹೊಸದಾಗಿ ಕಟ್ಟುವುದು. 2012ರ ವಿಂಡೋಸ್ ಸರ್ವರ್‌ನಲ್ಲಿ, ಸ್ನ್ಯಾಪ್‌ಶಾಟ್ ಹಾಕಿದ್ದನ್ನು ವರ್ಚುವಲ್ ವ್ಯವಸ್ಥೆಯೇ ಒಳಗಿನ ಸರ್ವರಿಗೆ ತಿಳಿಸುವ ಏರ್ಪಾಡು ಬಂತು.

ಒಂದು ಪ್ರತಿಯ ಬೆಲೆ ಎಷ್ಟೆಂಬುದನ್ನು ಜಗತ್ತು ಕಂಡದ್ದು 2017ರಲ್ಲಿ. ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಮೂಲಕ ಹರಡಿದ ನಾಟ್‌ಪೆಟ್ಯಾ ಎಂಬ ಸೈಬರ್ ದಾಳಿಗೆ ಡೆನ್ಮಾರ್ಕಿನ ಹಡಗು ಕಂಪನಿ ಮಾಯರ್ಸ್ಕ್ ಸಿಕ್ಕಿತು. ಅದರ ಟರ್ಮಿನಲ್ ಇದ್ದ ನವಿ ಮುಂಬೈನ ಜವಾಹರಲಾಲ್ ನೆಹರೂ ಬಂದರಿನಲ್ಲೂ ಕಂಟೇನರ್ ಕೆಲಸಕ್ಕೆ ಪೆಟ್ಟು ಬಿತ್ತು. ಅಮೆರಿಕದ ಪತ್ರಕರ್ತ ಆ್ಯಂಡಿ ಗ್ರೀನ್‌ಬರ್ಗ್ 2018ರಲ್ಲಿ ಬರೆದ ವರದಿಯಂತೆ ಕಂಪನಿಯ ಸುಮಾರು 150 ಡೊಮೈನ್ ಕಂಟ್ರೋಲರ್‌ಗಳು ಒಂದಕ್ಕೊಂದು ಬ್ಯಾಕಪ್ ಆಗಿದ್ದವು. ಎಲ್ಲವೂ ಒಟ್ಟಿಗೆ ಅಳಿಸಿಹೋಗಬಹುದೆಂಬ ಲೆಕ್ಕ ಯಾರಿಗೂ ಇರಲಿಲ್ಲ. ಉಳಿದ ಸರ್ವರ್‌ಗಳ ಬ್ಯಾಕಪ್ ಸಿಕ್ಕವು, ಡೈರೆಕ್ಟರಿ ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಆಫ್ರಿಕದ ಘಾನಾ ಕಚೇರಿಯಲ್ಲಿ ಒಂದೇ ಒಂದು ಕಂಟ್ರೋಲರ್ ಬದುಕಿರುವುದು ತಿಳಿಯಿತು. ದಾಳಿಗೆ ಮೊದಲು ಅಲ್ಲಿ ಕರೆಂಟ್ ಹೋಗಿ ಅದು ಜಾಲದಿಂದ ಹೊರಗುಳಿದಿತ್ತು. ಅಲ್ಲಿನ ಇಂಟರ್ನೆಟ್ ನಿಧಾನವಿದ್ದುದರಿಂದ ನೂರಾರು ಗಿಗಾಬೈಟ್ ಕಳಿಸಲು ದಿನಗಳೇ ಬೇಕಾಗುತ್ತಿತ್ತು. ದುರಸ್ತಿ ನಡೆಯುತ್ತಿದ್ದುದು ಬ್ರಿಟನ್ನಿನಲ್ಲಿ, ಘಾನಾ ಸಿಬ್ಬಂದಿಗೆ ಅಲ್ಲಿನ ವೀಸಾ ಇರಲಿಲ್ಲ. ಹಾಗಾಗಿ ಒಬ್ಬರು ಡಿಸ್ಕ್ ಹಿಡಿದು ನೈಜೀರಿಯಕ್ಕೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು. ಅವರು ಅದನ್ನು ಇಂಗ್ಲೆಂಡಿನ ಮೇಡನ್‌ಹೆಡ್‌ಗೆ ಮುಟ್ಟಿಸಿದರು. ಹತ್ತು ದಿನಗಳಲ್ಲಿ 4,000 ಸರ್ವರ್ ಮತ್ತು 45,000 ಪಿಸಿಗಳನ್ನು ಮತ್ತೆ ಕಟ್ಟಿದ್ದಾಗಿ ಕಂಪನಿಯ ಅಧ್ಯಕ್ಷ ಜಿಮ್ ಹಾಗೆಮನ್ ಸ್ನಾಬೆ ಮರುವರ್ಷ ದಾವೋಸ್‌ನಲ್ಲಿ ಹೇಳಿದರು. ಜಾಲಕ್ಕೆ ಸೇರಿಸದ, ಬೇರೆ ಕಡೆ ಇಟ್ಟ ಬ್ಯಾಕಪ್ ಬೇಕೆಂಬ ಮಾತು ಹಳೆಯದೇ. ಈ ಘಟನೆಯ ನಂತರ ಆ ಮಾತನ್ನು ಡೈರೆಕ್ಟರಿಗೂ ಅನ್ವಯಿಸಿ, ಇಡೀ ಡೈರೆಕ್ಟರಿಯನ್ನು ಸೊನ್ನೆಯಿಂದ ನಿಲ್ಲಿಸುವ ತಾಲೀಮು ನಡೆಸಬೇಕೆಂಬ ಒತ್ತಾಯ ದೊಡ್ಡ ಸಂಸ್ಥೆಗಳಲ್ಲಿ ಹೆಚ್ಚಿತು.

ಈಗ ಸಣ್ಣ ಆಫೀಸುಗಳು ಡೈರೆಕ್ಟರಿಯನ್ನು ಕ್ಲೌಡಿಗೆ ಒಪ್ಪಿಸುತ್ತಿವೆ, ಬೀರುವಿನ ಪಕ್ಕದ ಪೆಟ್ಟಿಗೆ ಕಡಿಮೆಯಾಗುತ್ತಿದೆ. ಹಳೆಯ ಪ್ರಶ್ನೆ ಅಲ್ಲಿಗೂ ಹೋಗಿದೆ. 2025ರ ಅಕ್ಟೋಬರ್ 20ರಂದು, ಭಾರತದಲ್ಲಿ ಮಧ್ಯಾಹ್ನವಾಗಿದ್ದಾಗ, ಅಮೆಜಾನ್‌ನ ಕ್ಲೌಡ್ ಸೇವೆಯ ಉತ್ತರ ವರ್ಜೀನಿಯ ವಿಭಾಗದಲ್ಲಿ ಡೈನಮೋಡಿಬಿ ಎಂಬ ದತ್ತಸಂಚಯದ ಡಿಎನ್‌ಎಸ್ ದಾಖಲೆ ಖಾಲಿಯಾಯಿತು. ಕಂಪನಿ ಪ್ರಕಟಿಸಿದ ವಿವರದಂತೆ, ಡಿಎನ್‌ಎಸ್ ತಿದ್ದುವ ಸ್ವಯಂಚಾಲಿತ ಪ್ರೋಗ್ರಾಂಗಳಲ್ಲಿ ಒಂದು ತಡವಾಗಿ, ತನ್ನ ಕೈಲಿದ್ದ ಹಳೆಯ ಯೋಜನೆಯನ್ನು ಹೊಸದರ ಮೇಲೆ ಬರೆಯಿತು. ಇನ್ನೊಂದು ಅದೇ ಹೊತ್ತಿಗೆ ಹಳೆಯ ಯೋಜನೆಗಳನ್ನು ಗುಡಿಸುತ್ತ ಬಂದು, ಚಾಲ್ತಿಯಲ್ಲಿದ್ದ ಆ ಯೋಜನೆಯನ್ನೂ ಅಳಿಸಿತು. ಸುಮಾರು ಎರಡೂವರೆ ಗಂಟೆಯ ಬಳಿಕ ಎಂಜಿನಿಯರುಗಳ ಕೈಕೆಲಸದಿಂದ ದಾಖಲೆ ಮರಳಿ ಬಂತು. ಕಾರಣ ಪೂರ್ತಿ ಸರಿಯಾಗುವವರೆಗೆ ಆ ಸ್ವಯಂಚಾಲಿತ ಏರ್ಪಾಡನ್ನು ಕಂಪನಿ ಜಗತ್ತಿನಾದ್ಯಂತ ನಿಲ್ಲಿಸಿತು.